ಬಾಯಮ್ಮ ಓಡ್ಲಿಕ್ಕೆ ಬಿಟ್ಟ ಕೊಂಬಿನವ

ನಾನು ಯಾರ ಮನೆ ವಿಷಯಕ್ಕೂ ಹೋಗುವವಳಲ್ಲ. ಆದ್ರೆ ಶಕ್ತಿನಗರದ ನಮ್ಮ ಓಣಿಯಲ್ಲಿ ಪಕ್ಕದ್ಮನೆ ಕುಕ್ಕರ್ ಕೂಗಿದ್ರೆ ನಾನು ನನ್ನ ಗ್ಯಾಸ್ ಆಫ್ ಮಾಡ್ತೇನೆ. ವಿಷಯವೇ ಗೋಡೆ ದಾಟಿ ಬರುವಾಗ ನಾನೆಂತ ಮಾಡ್ಲಿ?

೧. ಮೂರು ಗಂಟೆಯ ಸ್ವರ

ಮಧ್ಯಾಹ್ನ ಮೂರು ಗಂಟೆ, ಕಾಗೆ ಸಹ ಕೂಗದ ಹೊತ್ತು. ಪಕ್ಕದ್ಮನೆ ಟೀಚರ್ ಬಾಯಮ್ಮನ ಸ್ವರ, ಮೆಲ್ಲ: "ಹೋಗು ಮಗಾ. ಓಡು. ನಾನು ನೋಡ್ಲಿಲ್ಲ."

ಅವರ ಗಂಡ ಪಂಪ್‌ವೆಲ್‌ನ ಅಂಗಡಿಯಲ್ಲಿ, ಮಗಳು ದುಬೈಯಲ್ಲಿ ನರ್ಸ್. ಮತ್ತೆ ಓಡುದು ಯಾರು? ಕಸ ಗುಡಿಸುವ ಹಿಡಿಸೂಡಿ ಹಿಡ್ಕೊಂಡು ಹೋದೆ.

ಕಿಟಕಿಯೆಲ್ಲ ಮುಚ್ಚಿ ಕತ್ತಲೆ. ಬಾಯಮ್ಮನ ಮುಖ ಮಾತ್ರ ನೀಲಿ. ಕಂಪ್ಯೂಟರಲ್ಲಿ ಎಂತದೋ ಹೊಡೆದಾಟದ ಗೇಮ್, ಅದರಲ್ಲಿ ಕೊಂಬಿನವ ಒಬ್ಬ ರಕ್ತ ಸುರಿಸ್ತಾ ಕಾಡಿಗೆ ಓಡ್ತಿದ್ದಾನೆ, ತಿರುಗಿ ತಿರುಗಿ ನೋಡ್ತಾ.

ಕಂಪ್ಯೂಟರಿನ ಒಳಗಿಂದ, ದುಬೈಯಲ್ಲಿ ಕೂತು ಒಟ್ಟಿಗೆ ಆಡುವ ಮಗಳ ಬೊಬ್ಬೆ: "ಮಮ್ಮಿ, ಹೊಡಿ! ಜೀವ ಕಮ್ಮಿಯಾದ್ರೆ ಹೆದರಿ ಓಡ್ತಾರೆ, ಮತ್ತೆ ಜನ ಕರ್ಕೊಂಡು ಬರ್ತಾರೆ!"

"ಬೆನ್ನಿಗೆ ಹೊಡಿಲಿಕ್ಕೆ ನನಗೆ ಮನಸ್ಸು ಬರುದಿಲ್ಲ," ಅಂದ್ರು ಬಾಯಮ್ಮ.

ಇದನ್ನು ನನ್ನ ಮಗ ಇವರ ಮೂರನೇ ಕ್ಲಾಸಲ್ಲಿದ್ದಾಗ ಹೇಳ್ಬೇಕಿತ್ತು!

೨. ಕೊನೆಯ ವಾರ್ನಿಂಗ್

ಮರುದಿನ ಬಾಯಮ್ಮನ ಮುಖ ಸಪ್ಪೆ. ಇನ್ನೊಬ್ಬನನ್ನು ಓಡ್ಲಿಕ್ಕೆ ಬಿಟ್ರೆ ಟೀಮಿನಿಂದ ಹೊರಗೆ ಅಂತ ಗೇಮಿನ ಟೀಮ್ ಲೀಡರ್ ಹೇಳಿದ್ದಾನಂತೆ.

"ಹೋದ್ರೆ ಹೋಗ್ಲಿ ಮಾರಾಯ್ರೆ."

"ಹಾಗಲ್ಲ. ಫೋನಲ್ಲಿ ಮಗಳು 'ಹೂಂ, ಸರಿ' ಅಂತ ಇಡ್ತಾಳೆ. ಇಲ್ಲಿ ಹೊಡಿತಾ ಹೊಡಿತಾ ಎಲ್ಲ ಹೇಳ್ತಾಳೆ. ನನಗೆ ಅವಳು ಸಿಗುದು ಇದೊಂದು ಗಂಟೆ."

ಪಾಪ ಅನ್ನಿಸ್ತು. ಓಡುವವನಿಗೆ ಹೊಡಿಯುವ ಬಟನ್ ನಾನೇ ಒತ್ತುದು ಅಂತ ಪಕ್ಕದಲ್ಲಿ ಕೂತೆ. ನಿನ್ನೆಯ ಕೊಂಬಿನವನೇ ಬಂದ, ಪೆಟ್ಟು ತಿಂದ, ಓಡಿದ. ನಾನು ಬೆರಳು ಎತ್ತಿದ್ದೇ, ಅವ ಮರದ ಬುಡದಲ್ಲಿ ನಿಂತ. ತಿರುಗಿದ. ಬಾಯಮ್ಮನನ್ನಲ್ಲ, ನನ್ನನ್ನೇ ನೋಡಿದ. ಕಣ್ಣು ಮಿಟುಕಿಸ್ಲಿಲ್ಲ.

ನಾನು ಗೇಟು ದಾಟಿದ್ದೆ. ಹಿಂದಿನಿಂದ ಬಾಯಮ್ಮ ಕೂಗಿದ್ರು: "ನಿಮ್ಮ ಜೀವ ಇನ್ನೂ ಫುಲ್ ಉಂಟಲ್ಲ, ಯಾಕೆ ಓಡುದು?"

೩. ಓಡದವರು

ಒಬ್ಬಳೇ ವಾಪಸ್ ಹೋಗ್ಲಿಕ್ಕೆ ಧೈರ್ಯ ಬರ್ಲಿಲ್ಲ. ಓಣಿಯ ನಾಲ್ಕು ಹೆಂಗಸರನ್ನು ಕರ್ಕೊಂಡು ಹೋದೆ. ಬಾಯಮ್ಮ ನೋಡಿ, "ನೀವೂ ಆ ಕೊಂಬಿನವರ ಜಾತಿಯೇ, ಓಡಿ ಹೋಗಿ ಜನ ಕರ್ಕೊಂಡು ಬರುದು," ಅಂದ್ರು.

ಅಷ್ಟರಲ್ಲಿ ಕಂಪ್ಯೂಟರಲ್ಲಿ ಗಾಳಿ ನಿಂತಿತು. ಕಾಡಿನ ಒಂದೊಂದು ಮರದ ಹಿಂದಿನಿಂದ ಒಂದೊಂದು ಕೊಂಬು. ಬಾಯಮ್ಮ ಬಿಟ್ಟವರೆಲ್ಲ, ಅವರ ಜನರೊಟ್ಟಿಗೆ. ಸದ್ದಿಲ್ಲದೆ ನಡ್ಕೊಂಡು ಬಂದ್ರು.

ಮೊದಲು ಓಡಿದ್ದು ಟೀಮ್ ಲೀಡರ್! ಹಿಂದಿನಿಂದ ಎಲ್ಲರೂ. ಗೇಮಿನ ಕಾಡಲ್ಲಿ ಮಗಳು ಬಿದ್ದಿದ್ದಾಳೆ. ಬಾಯಮ್ಮ ಒಬ್ಬರೇ ನಿಂತಿದ್ದಾರೆ. ನಾವು ಐದು ಜನ ಒಂದೇ ಸೆರಗು ಹಿಡ್ಕೊಂಡಿದ್ದೇವೆ, ಯಾರದ್ದು ಅಂತ ಗೊತ್ತಿಲ್ಲ.

ಎಲ್ಲರಿಗಿಂತ ದೊಡ್ಡ ಕೊಂಬಿನವ ಬಾಯಮ್ಮನ ಮುಖಕ್ಕೆ ಮುಖ ಕೊಟ್ಟು ನಿಂತ. ಬೆನ್ನಲ್ಲ, ಮುಖ. ಬಾಯಮ್ಮ ಕೊಟ್ರು ನೋಡಿ, ಮೂವತ್ತು ವರ್ಷದ ಸರ್ವಿಸ್ ಒಂದೇ ಪೆಟ್ಟಿನಲ್ಲಿ! ಅವ ಬಿದ್ದ. ಉಳಿದವರು ಅವನನ್ನು ನೋಡಿದ್ರು, ಬಾಯಮ್ಮನನ್ನು ನೋಡಿದ್ರು, ಕಾಡಿಗೆ ಓಡಿದ್ರು.

ಲೀಡರ್ ಮೆಲ್ಲ ವಾಪಸ್ ಬಂದ. "ಆಂಟಿ, ನಿಮ್ಮನ್ನು ಯಾರೂ ತೆಗಿಯುದಿಲ್ಲ. ಅಷ್ಟು ಧೈರ್ಯ ಹೇಗೆ ಬಂತು?"

ಮಗಳು ಆಚೆ ಕಡೆ ಅಳ್ತಾ ನಗ್ತಿದ್ದಳು. ಬಾಯಮ್ಮ ಕನ್ನಡಕ ಒರೆಸ್ಕೊಂಡ್ರು.

"ಎಂತ ಧೈರ್ಯ? ಓಡುವ ಬಟನ್ ಯಾವುದು ಅಂತ ನನಗೆ ಇಷ್ಟರವರೆಗೆ ಯಾರಾದ್ರೂ ಹೇಳಿದ್ದೀರಾ?"