ಸಣ್ಣಮುಳ್ಳಿನ ಕಾರಿಗೆ ದಪ್ಪ ಆಕ್ಸಲ್

ಸಿಟ್ಟು ಬಂದರೆ ಒಂದರಿಂದ ಹತ್ತರವರೆಗೆ ಎಣಿಸಬೇಕಂತೆ. ವಾಚ್ ರಿಪೇರಿಯ ಸಣ್ಣಮುಳ್ಳು ಹೋದ ತಿಂಗಳಿಂದ ಎಣಿಸುತ್ತಲೇ ಇದ್ದ. ಸಂಖ್ಯೆ ಮುಗಿಯುತ್ತಿತ್ತು, ಸಿಟ್ಟು ಮುಗಿಯುತ್ತಿರಲಿಲ್ಲ. (ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಸಣಕಲು ಮೈ, ನಿಧಾನದ ನಡಿಗೆ ನೋಡಿ ಬೀದಿಯವರು ಗಡಿಯಾರದ ಸಣ್ಣಮುಳ್ಳು ಎಂದರು. ಅದೇ ಗಟ್ಟಿಯಾಯಿತು.)

ಸಿಟ್ಟೆಲ್ಲ ಹೆಂಡತಿಯ ತಮ್ಮನ ಮೇಲೆ. ಅವನದು ಟಯರ್ ಅಂಗಡಿ, ದೊಡ್ಡ ಬಾಯಿ, ನೀಲಿ ಕಾರು. ಸಣ್ಣಮುಳ್ಳಿನದು ಕೆಂಪು ಕಾರು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಶಬ್ದದಲ್ಲಿ ಮಾತ್ರ ಸಿಂಹ. ಊರಾಚೆ, ಈಗ ವಿಮಾನ ಇಳಿಯದ ಹಳೇ ರನ್‌ವೇ ಮೇಲೆ ತಿಂಗಳಿಗೊಮ್ಮೆ ಕಾರಿನ ಹುಚ್ಚಿರುವವರೆಲ್ಲ ಸೇರಿ ಇಬ್ಬಿಬ್ಬರಾಗಿ ಓಟ ಕಟ್ಟುತ್ತಾರೆ. ಹೋದ ತಿಂಗಳು ಬಾವುಟ ಬಿತ್ತು, ಸಣ್ಣಮುಳ್ಳು ಆಕ್ಸಿಲರೇಟರ್ ತುಳಿದ, ಕೆಳಗಿನಿಂದ 'ಟಣ್' ಎಂದಿತು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ದಂಡ, ಅಂದರೆ ಆಕ್ಸಲ್, ಎರಡು ತುಂಡು. ಸಿಂಹ ಗರ್ಜಿಸುತ್ತಲೇ ಇತ್ತು, ಕಾಲು ಮಾತ್ರ ಏಳಲಿಲ್ಲ. ಭಾವಮೈದ ಗೆದ್ದು ಬಂದು, ಕೆಂಪು ಕಾರಿಗೆ ಹಗ್ಗ ಬಿಗಿದು, ಬೀದಿಗೆ ಬೀದಿಯೇ ಹೊರಗೆ ಬರುವಂತೆ ಹಾರ್ನ್ ಹೊಡೆಯುತ್ತ ಮನೆಯವರೆಗೆ ಎಳೆದು ತಂದ.

"ಮುಂದಿನ ತಿಂಗಳೂ ಹಗ್ಗ ನಾನೇ ತರ್ತೀನಿ ಭಾವ. ನೀವು ತೊಂದ್ರೆ ತಗೋಬೇಡಿ" ಎಂದು ಬೇರೆ ಹೇಳಿದ.

ಅವತ್ತೇ ಸಣ್ಣಮುಳ್ಳು ಶಪಥ ಮಾಡಿದ. ಈ ಬಾಯಿಬಡುಕನನ್ನು ಸೋಲಿಸದೆ ಬಿಡುವುದಿಲ್ಲ. ಅಂಗಡಿ ಅಂಗಡಿ ಅಲೆದು, ಆನೆ ಹತ್ತಿ ಕುಣಿದರೂ ಮುರಿಯದಂಥ ಒಂದು ಜೊತೆ ಆಕ್ಸಲ್ ಆರಿಸಿ ತಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವುಗಳ ತುದಿಯಲ್ಲಿ ಕೊರೆದ ಒಂದೊಂದು ಹಲ್ಲನ್ನೂ ಪರೀಕ್ಷಿಸಿದ. ಅಂಥ ಅಮೂಲ್ಯ ವಸ್ತುವನ್ನು ನೆಲದ ಮೇಲೆ ಇಡುವುದು ಹೇಗೆ? ಮನೆಯ ಮುಂಭಾಗದಲ್ಲಿ ಹೆಂಡತಿಯ ಬೇಕರಿ. ಅಲ್ಲಿನ ಉದ್ದ ಮೇಜಿನ ಮೇಲೆ ಮಲಗಿಸಿದ.

"ರೀ! ಏನಿದು ನನ್ನ ಮೇಜಿನ ಮೇಲೆ?"

"ಮುಟ್ಟಬೇಡ. ಆಕ್ಸಲ್."

"ಹಿಟ್ಟು ನಾದೋ ಮೇಜು ಅದು! ಒಂದು ತಟ್ಟೆ ಬನ್ನು ಪೂರ್ತಿ ಗ್ರೀಸ್ ವಾಸನೆ ಹೊಡೆದು ಎಸೆದಿದ್ದೀನಿ."

"ನನ್ನ ಮಾನ ಹೋಗಿರೋವಾಗ ನಿನಗೆ ಬನ್ನಿನ ಚಿಂತೆ!"

"ಆ ಬನ್ನಿನಿಂದಲೇ ರೀ ನಿಮ್ಮ ಕಾರಿಗೆ ಪೆಟ್ರೋಲು."

ಇದು ನಿಜ. ಸಣ್ಣಮುಳ್ಳು ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದ.

ಓಟದ ಹಿಂದಿನ ದಿನ ತನ್ನ ವಾಚ್ ಅಂಗಡಿಗೆ ಬೀಗ ಜಡಿದು, ಕಾರನ್ನು ಜಾಕ್ ಮೇಲೆ ಎತ್ತಿ, ಹೊಸ ಆಕ್ಸಲ್‌ಗಳನ್ನು ತಾನೇ ಕೂರಿಸಿದ. ಕೂರಿಸಿದ ರೀತಿ ನೋಡಬೇಕಿತ್ತು! ಮದುಮಗಳ ಕೈಗೆ ಬಳೆ ತೊಡಿಸುವ ಹಾಗೆ. ವಾಚಿನ ಕೆಲಸದಲ್ಲಿ ಒಂದೇ ಧರ್ಮ: ಬಲ ಹಾಕಬಾರದು. ತಿರುಪು ನಿಂತಿತು ಎನ್ನಿಸಿದಲ್ಲಿ ಬೆರಳೂ ನಿಲ್ಲಬೇಕು. ಆಕ್ಸಲ್ಲಿನ ತುದಿಗೆ, ಚಕ್ರದ ನಡುವೆ ಬರುವ ಆ ದೊಡ್ಡ ನಟ್ಟನ್ನೂ ಅವನು ಹಾಗೆಯೇ ಮೂರು ಬೆರಳಲ್ಲಿ ತಿರುಗಿಸಿ, ಸಾಕು ಎನ್ನಿಸಿದಲ್ಲಿ ನಿಲ್ಲಿಸಿ, ಬಟ್ಟೆಯಿಂದ ಒರೆಸಿದ.

ಪರೀಕ್ಷೆಗೆಂದು ಹೊರಡಿಸಿದ ಕಾರು ಬೀದಿಯ ಮೂಲೆಯನ್ನೂ ಮುಟ್ಟಲಿಲ್ಲ. ಚಕ್ರ ಕುಡಿದವನ ಹಾಗೆ ತೂರಾಡಿತು. ಅಡಿಯಿಂದ ಕಟಕಟ ಸದ್ದು. ಗುಜರಿ ಅಂಗಡಿಯವನು ಹೊರಗೆ ಬಂದು, "ಹಾಕೋದಿದ್ರೆ ಇಲ್ಲೇ ಹಾಕಿ ಸಾರ್" ಎಂದ. ಸಣ್ಣಮುಳ್ಳು ಅವನ ಮೇಲೂ ರೇಗಿ, ಕಾರನ್ನು ಹಿಂದಕ್ಕೆ ತಳ್ಳಿಸಿಕೊಂಡು ಬಂದ.

ನಟ್ಟು ಸಡಿಲ. ಬಿಗಿ ಮಾಡಲು ಉದ್ದದ ಸ್ಪ್ಯಾನರ್ ಸಿಕ್ಕಿಸಿ ಜೋತುಬಿದ್ದ. ಅರ್ಧ ಸುತ್ತು ಬಂದ ನಟ್ಟು ಆಮೇಲೆ ಅಲುಗಲಿಲ್ಲ, ಅವನೇ ಬಾವಲಿಯ ಹಾಗೆ ತೂಗಾಡಿದ.

ಬೇಕರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ತೋಳು ಮಡಚಿದಳು. ಬೆಳಗಾದರೆ ಮೂಟೆಗಟ್ಟಲೆ ಹಿಟ್ಟು ನಾದುವ ತೋಳು ಅದು.

"ಸರೀರಿ ಆಚೆ."

"ಬೇಡ! ಬಲ ಹಾಕಿದ್ರೆ ಹಾಳಾಗುತ್ತೆ!"

"ಬಲ ಹಾಕದೇ ಇರೋದಕ್ಕೇ ಈ ಗತಿ ಬಂದಿರೋದು. ಬಿಗಿ ಮಾಡಿಕೊಡ್ತೀನಿ. ಆದ್ರೆ ನಾಳೆ ಓಡಿಸೋಳು ನಾನು."

"ನೀನಾ? ಬ್ರೆಡ್ ವ್ಯಾನ್ ಓಡಿಸೋಳು!"

"ಬ್ರೆಡ್ ಆರೋದ್ರೊಳಗೆ ಊರೆಲ್ಲ ಸುತ್ತಿ ಬರೋಳು. ಅವತ್ತು ನಿಮ್ಮನ್ನ ಎಳ್ಕೊಂಡು ಬಂದಾಗ ಬೀದಿಯವರು ನಕ್ಕಿದ್ದು ನಿಮ್ಮೊಬ್ಬರನ್ನೇ ಅಂದ್ಕೊಂಡ್ರಾ? ಬನ್ನು ತಗೊಳ್ಳೋಕೆ ಬಂದವರೆಲ್ಲ 'ಹಗ್ಗ ಬೇಕೇನಮ್ಮಾ' ಅಂತ ಕೇಳ್ತಾರೆ. ನನಗೂ ಸಿಟ್ಟಿದೆ ರೀ. ನಿಮಗಿಂತ ಜಾಸ್ತಿನೇ ಇದೆ."

ಬೆಳಗಾದರೆ ಓಟ. ಸಣ್ಣಮುಳ್ಳು ಹಲ್ಲು ಕಚ್ಚಿ ಹೂಂ ಎಂದ. ಅವಳು ಸ್ಪ್ಯಾನರ್ ಹಿಡಿದು ಒಂದು ಸಲ ಮೈಭಾರ ಬಿಟ್ಟಳು. ನಟ್ಟು ಕಿರ್ರೋ ಎಂದಿತು. ಇನ್ನೊಂದು ಕಡೆಯದೂ ಹಾಗೆಯೇ ಶರಣಾಯಿತು.

ಮರುದಿನ ರನ್‌ವೇಯಲ್ಲಿ ಭಾವಮೈದ ಹಗ್ಗ ಹೆಗಲಿಗೆ ಹಾಕಿಕೊಂಡೇ ಬಂದಿದ್ದ. ಕೆಂಪು ಕಾರಿನಲ್ಲಿ ಅಕ್ಕನನ್ನು ಕಂಡು ಅವನ ನಗು ಅರ್ಧಕ್ಕೆ ನಿಂತಿತು. ಬಾವುಟ ಬಿತ್ತು. ಈ ಸಲ 'ಟಣ್' ಇಲ್ಲ. ಬಿಸಿ ಬ್ರೆಡ್ ಹೊತ್ತವಳ ಆತುರದಲ್ಲಿ ಅಕ್ಕ ಹೋದಳು. ನೀಲಿ ಕಾರು ಅವಳ ಹೊಗೆ ಕುಡಿಯುತ್ತ ಹಿಂದೆ ಬಂತು.

ಸಣ್ಣಮುಳ್ಳು ಅಂಗಿ ಕೊಡವಿಕೊಂಡು, ಭಾವಮೈದನ ಮುಂದೆ ಹೋಗಿ ನಿಂತ.

"ಏನಪ್ಪಾ? ಸೋತೆಯಲ್ಲ?"

"ಸೋತೆ ಭಾವ. ಆದ್ರೆ ಅಕ್ಕನಿಗೆ ಸೋತೆ. ಅವಳಿಗೆ ನಾನು ಹುಟ್ಟಿದಾಗಿಂದ ಸೋಲ್ತಾ ಇದ್ದೀನಿ, ಅದರಲ್ಲೇನು ವಿಶೇಷ? ನೀವೆಲ್ಲಿ ನನ್ನ ಸೋಲಿಸಿದ್ರಿ?"

ಸಣ್ಣಮುಳ್ಳಿನ ಕಿವಿಯಲ್ಲಿ ಹೊಗೆ ಬಂತು. ಕೆಂಪು ಕಾರಿನ ಹತ್ತಿರ ಓಡಿದ.

"ಇಳಿಯೇ! ಈಗ ನಾನು ಓಡಿಸಬೇಕು."

"ಇಳಿಯಲ್ಲ ರೀ" ಎಂದಳು ಅವಳು. ಕೆನ್ನೆ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಕೈಗೆ ಈಗಷ್ಟೇ ಹತ್ತಿದೆ. ಓಟಕ್ಕೆ ಇನ್ಯಾರು ಬರ್ತಾರೆ ನನ್ನ ಮೇಲೆ?"

"ನಾನು ಬರ್ತೀನಿ!" ಎಂದು ಸಣ್ಣಮುಳ್ಳು ಕಿರುಚಿದ. ಬಾಯಿಂದ ಬಂದದ್ದು ಬಂದುಹೋಯಿತು. ಬರುವುದು ಯಾವುದರಲ್ಲಿ? ಜನ ಸುತ್ತ ನೆರೆದು ಕಾಯುತ್ತಿದ್ದರು. ಅವನು ತಿರುಗಿ, ತಿಂಗಳಿಡೀ ಶಪಿಸಿದ್ದ ಭಾವಮೈದನ ಮುಂದೆ ಕೈ ಚಾಚಿದ.

"ನಿನ್ನ ಕೀ ಕೊಡು."

"ಅಯ್ಯೋ ಧಾರಾಳವಾಗಿ! ಬನ್ನಿ ಬನ್ನಿ" ಎಂದು ಭಾವಮೈದ ಬಾಗಿಲು ತೆಗೆದು, ಸೀಟು ಮುಂದೆ ಸರಿಸಿ, ಕನ್ನಡಿ ಒರೆಸಿಕೊಟ್ಟ. "ನಮ್ಮ ಮಾನ ನಿಮ್ಮ ಕೈಲಿದೆ ಭಾವ."

ಬಾವುಟ ಬಿತ್ತು. ಸಣ್ಣಮುಳ್ಳು ನೀಲಿ ಕಾರಿನ ಆಕ್ಸಿಲರೇಟರನ್ನು ಎಲ್ಲ ಬಲ ಹಾಕಿ ತುಳಿದ. ಕೆಂಪು ಕಾರು ಪಕ್ಕದಿಂದ ಮುಂದಕ್ಕೆ, ಮುಂದಿನಿಂದ ದೂರಕ್ಕೆ ಜಾರಿತು. ಸ್ಟೇರಿಂಗಿಗೆ ಎದೆ ಒತ್ತಿ ಅವನು ಬೇಡಿಕೊಂಡ, "ಮುರಿ! ಮುರಿಯೋ ದರಿದ್ರ ಆಕ್ಸಲ್ಲೇ, ಮುರಿ!"

ಅದು ಮುರಿಯಲಿಲ್ಲ. ಆರಿಸಿ ತಂದವನು ಅಂಥ ಜಾಗರೂಕ ಮನುಷ್ಯ. ಕೆಂಪು ಕಾರು ಗೆರೆ ದಾಟುವುದನ್ನು ನೋಡುತ್ತ ಸಣ್ಣಮುಳ್ಳು ಆ ಮನುಷ್ಯನಿಗೆ ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ, ಒಂದನ್ನೂ ಬಿಡದೆ, ಬೈದ.