ಹವಳದ ತೊಟ್ಟಿಗೆ ಅತ್ತೆಯ ಸೇರ್ಪಡೆ

ಶುದ್ಧ ನೀರು ನಿಯಂತ್ರಣ ಕಚೇರಿಯ ನಿಯಮದಂತೆ ಒಂದು ಮನೆಗೆ ಒಂದೇ ಶುದ್ಧೀಕರಣ ಯಂತ್ರ, ಒಂದು ಯಂತ್ರಕ್ಕೆ ಒಂದೇ ಉದ್ದೇಶ. ಈ ನಿಯಮ ಯಾಕೆ ಎಂದು ಕೇಳುವವರಿಗಾಗಿ ಪ್ರತ್ಯೇಕ ನಮೂನೆ ಇದೆ; ಅದರ ದಾಸ್ತಾನು ಸದ್ಯಕ್ಕೆ ಮುಗಿದಿದೆ.

ಹೊಲಿಗೆಯಾಕೆಯ ಮನೆಯಲ್ಲಿ ಆ ಉದ್ದೇಶ ಹವಳ. ಆಕೆಯ ಗಂಡ ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಜೀವಂತ ಹವಳವನ್ನೂ ನಾಲ್ಕು ಕಿತ್ತಳೆ ಬಣ್ಣದ ಮೀನುಗಳನ್ನೂ ಸಾಕಿದ್ದ. ಊರ ನೀರು ತಾಗಿದರೆ ಹವಳ ಸಾಯುತ್ತದೆ. ಹಾಗಾಗಿ ಯಂತ್ರ ಬಂತು. ಅದಕ್ಕೆ ಎರಡು ನಲ್ಲಿ: ಒಂದು ತೊಟ್ಟಿಗೆ, ಇನ್ನೊಂದು ಕುಡಿಯುವುದಕ್ಕೆ. ಕಚೇರಿಯವರು ಎರಡನೆಯದಕ್ಕೆ ಅರಗಿನ ಮುದ್ರೆ ಒತ್ತಿ, ಮೊದಲನೆಯದಕ್ಕೆ ಮೀಟರು ಕೂರಿಸಿ, ನಮಸ್ಕಾರ ಹೇಳಿ ಹೋದರು. ಮೀನಿನ ಉದ್ದಕ್ಕೆ ತಕ್ಕಷ್ಟೇ ನೀರು. ಒಂದು ಲೋಟ ಹೆಚ್ಚಾದರೂ ಯಂತ್ರ ಜಪ್ತಿ.

ಮೀನುಗಳು ತಿಳಿನೀರಲ್ಲಿ ಹಾಯಾಗಿದ್ದವು. ಮನೆಯವರು ಊರ ನಲ್ಲಿಯ ಕೆಂಪು ನೀರು ಕುಡಿಯುತ್ತಿದ್ದರು. ಅದನ್ನು ಕುದಿಸಿದರೆ ಇನ್ನಷ್ಟು ಕೆಂಪಾಗುತ್ತಿತ್ತು.

ಅತ್ತೆ ಒಂದೇ ತಿಂಗಳಲ್ಲಿ ಮೂರನೇ ಸಲ ಹೊಟ್ಟೆ ಕೆಟ್ಟು ಮಲಗಿದರು. ಡಾಕ್ಟರಮ್ಮ, "ಇನ್ನು ಈ ನೀರು ಕುಡಿದರೆ ಜೀವಕ್ಕೇ ಅಪಾಯ" ಅಂದರು.

"ಈ ಮನೆಯಲ್ಲಿ ಮೀನಾಗಿ ಹುಟ್ಟಿದ್ದರೂ ಸುಖವಾಗಿರ್ತಿದ್ದೆ ಕಣೇ," ಅಂದರು ಅತ್ತೆ, ಗೋಡೆ ಕಡೆ ತಿರುಗಿ.

ಸೊಸೆ ಹೊಲಿಗೆ ಅರ್ಧಕ್ಕೇ ಬಿಟ್ಟು ಕಚೇರಿಗೆ ಹೋದಳು.

"ಕುಡಿಯೋಕಾ?" ಅಂದರು ಗುಮಾಸ್ತರು. "ಅದು ಮಾನವ ಶಾಖೆ. ಅರ್ಜಿ ಹಾಕಿ, ನಾಲ್ಕು ವರ್ಷದಲ್ಲಿ ಉತ್ತರ ಬರುತ್ತೆ."

"ಅಷ್ಟರಲ್ಲಿ ನಮ್ಮತ್ತೆ ಗತಿ? ಅದೇ ಹೊಸ ಮೀನು ತಂದರೆ ಸಾರ್?"

"ಮೀನಾದರೆ ಇವತ್ತೇ. ಪಾಪ, ಮೂಕಪ್ರಾಣಿಗಳು ನೋಡಿ."

ಆಕೆ ಹೆಚ್ಚುವರಿ ಜಲಚರಗಳ ನಮೂನೆ ಪಡೆದು ಅಲ್ಲೇ ಬೆಂಚಿನ ಮೇಲೆ ಕೂತು ತುಂಬಿದಳು. ಜಲಚರದ ಹೆಸರು: ಅತ್ತೆ. ಉದ್ದ: ಐದು ಅಡಿ. ಆಹಾರ: ಮೆತ್ತಗಿದ್ದರೆ ಎಲ್ಲವೂ. ಬೇರೆ ಜಲಚರಗಳೊಂದಿಗೆ ಹೊಂದಿಕೊಳ್ಳುತ್ತದೆಯೇ: ಮಾತಾಡಿಸಿದರೆ ಹೊಂದಿಕೊಳ್ಳುತ್ತದೆ. ಗುಮಾಸ್ತರು ಎರಡು ಸಲ ಓದಿ, ಖಾಲಿ ಕಾಲಂ ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಠಸ್ಸೆ ಒತ್ತಿದರು.

ಮಧ್ಯಾಹ್ನವೇ ತಪಾಸಣಾಧಿಕಾರಿ ಬಂದರು. ತೊಟ್ಟಿಯ ಪಕ್ಕ ಕುರ್ಚಿಯಲ್ಲಿದ್ದ ಅತ್ತೆಯನ್ನು ನೋಡಿ ಮುಖ ಗಂಟಿಕ್ಕಿದರು.

"ಜಲಚರ ನೀರಿನ ಹೊರಗಿದೆಯಲ್ಲಮ್ಮಾ. ಇದು ದೊಡ್ಡ ಲೋಪ."

ಸೊಸೆ ಓಡಿಹೋಗಿ ಬಟ್ಟೆ ಒಗೆಯುವ ಟಬ್ಬಿಗೆ ನೀರು ತುಂಬಿ ತಂದು ಅತ್ತೆಯ ಕಾಲು ಅದರಲ್ಲಿ ಇಡಿಸಿದಳು.

"ಭಾಗಶಃ ಜಲಚರ ಅಂತ ಬರೀತೀನಿ," ಅಂದರು ಅಧಿಕಾರಿ.

"ಏನಪ್ಪಾ, ನಿನ್ನ ಕಣ್ಣಿಗೆ ನಾನು ಮೀನಿನ ಹಾಗೆ ಕಾಣ್ತೀನಾ?"

"ಹೇಗೆ ಕಾಣ್ತೀರಿ ಅನ್ನೋದು ಬೇರೆ ಶಾಖೆ ಅಮ್ಮಾ. ನಂದು ಅಳತೆ ಮಾತ್ರ," ಎಂದು ಟೇಪು ಹಿಡಿದು, ಕೊನೆಯ ಕಾಲಂನಲ್ಲಿ 'ಚುರುಕಾಗಿದೆ' ಎಂದು ಬರೆದರು.

ಐದಡಿಯ ಜಲಚರಕ್ಕೆ ಒಂದು ನಲ್ಲಿ ಸಾಲದು. ಆದ್ದರಿಂದ ನಿಯಮಾನುಸಾರ ಎರಡನೆಯದರ ಅರಗನ್ನು ಅವರೇ ಒಡೆದರು. ಸೊಸೆ ಲೋಟ ತುಂಬಿ ತಂದಳು. ಅತ್ತೆ ಗಟಗಟ ಕುಡಿದರು.

"ಹೇಗಿದೆ ಅತ್ತೆ?"

"ನೀರಿನ ಹಾಗಿದೆ ಕಣೇ."

ಸೊಸೆಗೆ ನಗುವೂ ಬಂತು, ಅಳುವೂ ಬಂತು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಬೇಕರಿಯವನು, ಮೇಷ್ಟ್ರು, ಡಾಕ್ಟರಮ್ಮ ಎಲ್ಲರೂ ಉದ್ದ ಅಳೆಸಿಕೊಳ್ಳಲು ಹೊಲಿಗೆಯಾಕೆಯ ಬಾಗಿಲಿಗೇ ಬಂದರು. ತಂತಮ್ಮ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಒಂದೊಂದು ಮೀನು ಬಿಟ್ಟು ಯಂತ್ರ ಪಡೆದು, ನಮೂನೆಯ ಉಳಿದ ಕಾಲಂಗಳಿಗೆ ಮನೆಮಂದಿಯನ್ನು ತುಂಬಿದರು; ಮಾನವ ಶಾಖೆಗೆ ಹಾಕಿದ್ದ ಹಳೆಯ ಅರ್ಜಿಗಳನ್ನು ವಾಪಸು ಪಡೆದರು. ವರ್ಷಾಂತ್ಯದಲ್ಲಿ ಕಚೇರಿಯ ಪ್ರಕಟಣೆ ಹೊರಬಿತ್ತು: "ಕುಡಿಯುವ ನೀರು ಕೋರಿದ ಒಂದು ಅರ್ಜಿಯೂ ಬಾಕಿ ಇಲ್ಲ. ಮನುಷ್ಯರಿಗೆ ಶುದ್ಧ ನೀರಿನ ಅಗತ್ಯ ಕಂಡುಬಾರದ ಕಾರಣ ಮಾನವ ಶಾಖೆಯನ್ನು ಹರ್ಷದಿಂದ ಮುಚ್ಚಲಾಗಿದೆ." ಓದಿದವರೆಲ್ಲ ಸರಿಯಾಗೇ ಇದೆ ಅಂದರು.

ಮಾರನೇ ದಿನ ಗುಮಾಸ್ತರು ನಮೂನೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಕಚೇರಿಯಲ್ಲೂ ಬರುವುದು ಕೆಂಪು ನೀರೇ.

"ಕಾಲರ್ ಅಳತೆ ಬೇಡಮ್ಮಾ," ಅಂದರು ಮೆಲ್ಲಗೆ, "ಉದ್ದ ಮಾತ್ರ."

ಅತ್ತೆ ಟಬ್ಬಿನಲ್ಲಿ ತಮ್ಮ ಕಾಲು ಒಂದು ಪಕ್ಕಕ್ಕೆ ಸರಿಸಿಕೊಂಡರು.

"ಬಾರಪ್ಪಾ, ನೀನೂ ಕಾಲಿಡು. ಲೇ, ಇವನಿಗೊಂದು ಲೋಟ ನೀರು ಕೊಡೇ, ಪಾಪ, ಮೂಕಪ್ರಾಣಿ."