ಸದ್ದಿಲ್ಲದ ಕೇರಿಯ ಮನೆ

"ಗಂಡಸರಿಗೆ ಮನೆ ನೋಡೋಕೆ ಬಿಟ್ರೆ ಗೋಡೆ ತಟ್ಟಿ ನೋಡ್ತಾರೆ, ಕೇರಿ ನೋಡಲ್ಲ. ಕೇರಿ ನೋಡೋ ಕಣ್ಣು ನನಗಿದೆ" ಎಂದು ಅಜಾರಾ ಉತ್ತರದ ಟಮಾಲೆಯ ಮಾರುಕಟ್ಟೆಯಲ್ಲಿ, ತನ್ನ ಶಿಯಾ ಬೀಜದ ಬೆಣ್ಣೆಯ ಬೋಗುಣಿಗಳ ನಡುವೆ ಕೂತು, ಅಕ್ಕಪಕ್ಕದ ಹೆಂಗಸರಿಗೆಲ್ಲ ಸಾರಿದಳು. ಗಂಡ ನಾಂಟೋಗ್ಮಾ ಪಕ್ಕದಲ್ಲೇ ನಿಂತು ತಲೆಯಾಡಿಸಿದ. ಆಡಿಸಿದ್ದು ಒಪ್ಪಿಗೆಗೋ ತೂಕಡಿಕೆಗೋ ಹೇಳುವುದು ಕಷ್ಟ. ಅವನು ರಾತ್ರಿ ಬಸ್ಸಿನ ಡ್ರೈವರು. ಇಪ್ಪತ್ತಾರು ವರ್ಷದಿಂದ ಊರೆಲ್ಲ ಮಲಗಿದಾಗ ಎದ್ದಿದ್ದು, ಊರೆಲ್ಲ ಎದ್ದಾಗ ಮಲಗಲು ನೋಡಿದವನು.

ಬಸ್ ಕಂಪನಿ ಅವನನ್ನು ಕುಮಾಸಿಗೆ ವರ್ಗ ಮಾಡಿತ್ತು. ಮೂರು ತಿಂಗಳಾದ ಮೇಲೆ ಅಲ್ಲಿಂದ ರಾಜಧಾನಿ ಅಕ್ರಾಕ್ಕೆ ರಾತ್ರಿ ಗಾಡಿ. ಟಮಾಲೆಯ ಮನೆ ಮಾರಿ ಕುಮಾಸಿಯಲ್ಲಿ ಒಂದು ಕೊಳ್ಳಬೇಕು. ಆದರೆ ಇಬ್ಬರಿಗೂ ಕುಮಾಸಿ ಎಂದರೆ ಬಸ್ ನಿಲ್ದಾಣ, ಅಲ್ಲಿಂದಾಚೆಗೆ ಕತ್ತಲೆ.

"ನನಗೆ ಬೇಕಾದ್ದು ಒಂದೇ, ಅಜಾರಾ. ಹಗಲು ಹೊತ್ತು ನಿದ್ದೆ. ಅರವತ್ತು ಜನ ನನ್ನ ಕಣ್ಣು ನಂಬ್ಕೊಂಡು ತಮ್ಮ ಕಣ್ಣು ಮುಚ್ತಾರೆ."

"ನೀವು ಸುಮ್ನಿರ್ರೀ. ಸೂಜಿ ಬಿದ್ರೂ ಕೇಳೋ ಅಂಥ ಕೇರಿ ಹುಡುಕ್ತೀನಿ."

ಶುಕ್ರವಾರ ರಾತ್ರಿಯ ಕುಮಾಸಿ ಗಾಡಿ ಗಂಡನದೇ. ಅಜಾರಾ ಮುಂದಿನ ಸೀಟಿನಲ್ಲಿ ಕೂತು ಶನಿವಾರ ಬೆಳಿಗ್ಗೆ ಇಳಿಯುವಳು, ಸಂಜೆ ಅದೇ ಗಾಡಿಗೆ ವಾಪಸ್ಸು. ಗಂಡ ನಿಲ್ದಾಣದಲ್ಲಿ ಬಸ್ಸಿನಡಿ ಚಾಪೆ ಹಾಸಿ ಬಿದ್ದುಕೊಂಡರೆ, ಇವಳು ದಲ್ಲಾಳಿ ಅಡೋಮಾಕೊನ ಹಿಂದೆ ಸುತ್ತುವಳು. ಅವನು ತೋರಿಸಿದ ಮೊದಲ ಕೇರಿಯಲ್ಲಿ ಶಾಮಿಯಾನ ಹಾಕಿ, ಡೋಲು ಬಡಿದು, ಧ್ವನಿವರ್ಧಕ ಹಚ್ಚಿದ್ದರು. "ಗಲಾಟೆ ಕೇರಿ" ಎಂದು ಅಜಾರಾ ಒಳಗೆ ಕಾಲಿಡದೆ ತಿರುಗಿದಳು. ಎರಡನೆಯದಕ್ಕೆ ಬಂದಾಗ ಮಾವಿನೆಲೆ ಅಲುಗಿದ್ದು ಕೇಳಿಸಿತು. ಬೀದಿಯುದ್ದಕ್ಕೂ ಬಾಗಿಲುಗಳಿಗೆ ಬೀಗ. ಒಂದು ಮೇಕೆಯಿತ್ತು, ಅದೂ ದೊಡ್ಡ ಮನುಷ್ಯರ ಹಾಗೆ ಸದ್ದಿಲ್ಲದೆ ಮೆಲುಕು ಹಾಕುತ್ತಿತ್ತು.

ಒಂದೇ ನೋಟಕ್ಕೆ ಮರುಳಾಗುವ ಹೆಂಗಸಲ್ಲ ಅಜಾರಾ. ಮೂರು ಶನಿವಾರ ಬಂದು, ಅಲ್ಲಿ ಮಾರಾಟಕ್ಕಿದ್ದ ಮನೆಯ ಮೆಟ್ಟಿಲ ಮೇಲೆ ಮೂರು ಮೂರು ತಾಸು ಕೂತು ಪರೀಕ್ಷೆ ಮಾಡಿದಳು. ಮೂರು ಸಲವೂ ಮೇಕೆ, ಮಾವಿನೆಲೆ, ಮೌನ.

ದಲ್ಲಾಳಿ ಮಾತ್ರ ಪ್ರತಿ ಸಲವೂ ಸೂತಕದ ಕಪ್ಪು ಬಟ್ಟೆ ಹೊದ್ದು, ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದ.

"ಯಾರು ಹೋದ್ರಪ್ಪಾ?" ಎಂದಳು ಮೊದಲ ವಾರ.

"ನಮ್ಮ ದೊಡ್ಡಮ್ಮ."

ಎರಡನೇ ವಾರ ಚಿಕ್ಕಪ್ಪನ ಷಡ್ಡಕ. ಮೂರನೇ ವಾರ ಓದಿಸಿದ ಮೇಷ್ಟ್ರು. ಪಾಪ, ವಾರಕ್ಕೊಬ್ಬರನ್ನು ಕಳೆದುಕೊಳ್ಳುವವನ ಹತ್ತಿರ ಚೌಕಾಸಿ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಕೇಳಿದ ಬೆಲೆಗೇ ಮನೆ ಕೊಂಡಳು.

ಹೊಸ ಮನೆಯಲ್ಲಿ ಮೊದಲ ಸೋಮವಾರ ನಾಂಟೋಗ್ಮಾ ಅಕ್ರಾದಿಂದ ಬೆಳಿಗ್ಗೆ ಏಳಕ್ಕೆ ಬಂದ. ಸ್ನಾನ ಮಾಡಿ, ಗಂಜಿ ಕುಡಿದು ಮಲಗಿದ. ಏಳೂವರೆಗೆ ಹಿಂಗೋಡೆಯ ಆಚೆ ಮೆಕ್ಕೆಜೋಳದ ಗಿರಣಿ ಎದ್ದಿತು. ಅದು ಎದ್ದ ರಭಸಕ್ಕೆ ಮಂಚ ಒಂದು ಗೇಣು ಸರಿಯಿತು. ಎಂಟಕ್ಕೆ ಎದುರಿನ ಶೆಡ್ಡಿನಲ್ಲಿ ಸತ್ತ ಕಾರುಗಳ ತಗಡನ್ನು ಆರು ಜನ ಬಡಿಯತೊಡಗಿದರು. ಹತ್ತಕ್ಕೆ ಒಬ್ಬ ಪಾದ್ರಿ ಧ್ವನಿವರ್ಧಕ ಹಿಡಿದು, ಮಲಗಿರುವ ಪಾಪಿಗಳನ್ನೆಲ್ಲ ಏಳಿರೆಂದು ಕರೆದ. ಮಧ್ಯಾಹ್ನಕ್ಕೆ ಪಕ್ಕದ ಊಟದಂಗಡಿಯಲ್ಲಿ ಫುಫು ಎಂಬ ಮುದ್ದೆ ಕುಟ್ಟುವ ಒನಕೆಗಳು. ನಾಂಟೋಗ್ಮಾ ಚಾವಣಿ ನೋಡುತ್ತ, "ಸೂಜಿ ಯಾವಾಗ ಬೀಳುತ್ತೆ?" ಎಂದ.

ಅಜಾರಾ ಸೆರಗು ಬಿಗಿದು ಗಿರಣಿಗೆ ನುಗ್ಗಿದಳು. ಒಡತಿ ಸೆರ್ವಾ ಹಿಟ್ಟಿನಲ್ಲಿ ಮುಳುಗಿದ್ದಳು.

"ಮೂರು ಶನಿವಾರ ಬಂದಿದ್ದೆ. ನಿನ್ನ ಗಿರಣಿ ಒಂದ್ಸಲಾನೂ ಬಾಯಿ ಬಿಡ್ಲಿಲ್ಲವಲ್ಲ?"

"ಶನಿವಾರ ಯಾರು ಗಿರಣಿ ಹಾಕ್ತಾರೆ, ಹಾಜಿಯಾ? ಸಾವಿನ ಮನೆಗೆ ಹೋಗೋದು ಬೇಡ್ವಾ?" ಮೆಕ್ಕಾ ಕಾಣದಿದ್ದರೂ ಉತ್ತರದ ಹೆಂಗಸರೆಲ್ಲ ಕುಮಾಸಿಯವರ ಬಾಯಲ್ಲಿ ಹಾಜಿಯಾ.

"ಪ್ರತಿ ಶನಿವಾರಾನಾ?"

"ಜನ ಪ್ರತಿ ವಾರ ಸಾಯ್ತಾರಲ್ಲ. ಹೋಗದಿದ್ರೆ ನಾಳೆ ನಮ್ಮ ಹೆಣಕ್ಕೆ ಯಾರು ಬರ್ತಾರೆ?"

ಅಜಾರಾ ಅಲ್ಲೇ ಚೀಲದ ಮೇಲೆ ಕುಸಿದಳು. ಅವಳ ಕಡೆ ಬೆಳಿಗ್ಗೆ ಹೋದವರನ್ನು ಕತ್ತಲಾಗುವುದರೊಳಗೆ ಮಣ್ಣು ಮಾಡುತ್ತಾರೆ. ಸತ್ತವರನ್ನು ಇಲ್ಲಿ ಶನಿವಾರಕ್ಕೆಂದು ಕಾಯಿಸುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಆ ಶಾಮಿಯಾನದ ಕೇರಿಯಲ್ಲೂ ಅವತ್ತು ಒಂದು ಸಾವು, ಅಷ್ಟೇ. ಉಳಿದ ದಿನ ಅಲ್ಲಿ ಬೆಕ್ಕು ನಡೆದರೂ ಕೇಳುತ್ತದಂತೆ.

"ಕೊಳ್ಳೋ ಮುಂಚೆ ಇಲ್ಲಿ ಯಾರನ್ನಾದ್ರೂ ಕೇಳಬಾರದಿತ್ತಾ?" ಎಂದಳು ಸೆರ್ವಾ.

"ಕೇಳೋಣ ಅಂದ್ರೆ ಯಾರೂ ಇರ್ಲಿಲ್ಲ. ಯಾರೂ ಇಲ್ಲ ಅಂತಾನೇ ಕೊಂಡೆ."

ಸೆರ್ವಾ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಗಿರಣಿ ನಿಲ್ಲಿಸಲಿಲ್ಲ. ಅವಳದೂ ಹೊಟ್ಟೆಪಾಡು.

ಆಮೇಲೆ ಚಿಕಿತ್ಸೆಗಳು ಶುರುವಾದವು. ಗಂಡನ ಕಿವಿಗೆ ಬೆಣ್ಣೆ ಸವರಿದ ಹತ್ತಿ ತುರುಕಿದಳು. ಬೆಣ್ಣೆ ಕರಗಿ, ಹತ್ತಿ ಒಳಗೆ ಇಳಿದು, ಅದನ್ನು ತೆಗೆಸಲು ಆಸ್ಪತ್ರೆಗೆ ಓಡಬೇಕಾಯಿತು. ಗೋಡೆಗೆ ಹಾಸಿಗೆ ಒರಗಿಸಿದಳು. ಗಿರಣಿ ನಡುಗಿಸಿದ ಹಾಸಿಗೆ ಅವನ ಮೇಲೆಯೇ ಬಿತ್ತು. ಬಚ್ಚಲಲ್ಲಿ ಚಾಪೆ ಹಾಸಿದಳು. ಅವನು ಯಾವುದಕ್ಕೂ ಬೇಡ ಎನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಶನಿವಾರ ಬಂದರೆ ಮಾತ್ರ ಸತ್ತವರ ಪುಣ್ಯದಿಂದ ಕೊರಡಿನಂತೆ ಮಲಗುತ್ತಿದ್ದ.

ಒಂದು ದಿನ ಬಸ್ಸಿನ ಕಂಡಕ್ಟರು ಬಾಗಿಲಿಗೆ ಬಂದು, ದನಿ ತಗ್ಗಿಸಿ ಹೇಳಿದ: "ಅತ್ತಿಗೆ, ನಿನ್ನೆ ರಾತ್ರಿ ಅಣ್ಣ ರಸ್ತೆ ನಡುವೆ ಬಸ್ ನಿಲ್ಲಿಸಿಬಿಟ್ರು. ಮೇಕೆಗಳು ದಾಟ್ಲಿ ಅಂದ್ರು."

"ದಾಟಿದ್ವಾ?"

"ಮೇಕೆಗಳೇ ಇರ್ಲಿಲ್ಲ, ಅತ್ತಿಗೆ."

ಅಜಾರಾ ತಡಮಾಡಲಿಲ್ಲ. ಅವತ್ತೇ ದಲ್ಲಾಳಿ ಅಡೋಮಾಕೊನಿಗೆ ಫೋನು ಮಾಡಿದಳು. "ಮನೆ ಮಾರಬೇಕು. ಕೊಳ್ಳೋರನ್ನ ಕರ್ಕೊಂಡು ಬಾ. ಆದ್ರೆ..."

"ಶನಿವಾರ ತಾನೇ, ಹಾಜಿಯಾ? ನನಗೆ ಹೇಳಿಕೊಡ್ಬೇಕಾ?"

ಶನಿವಾರ ಬಂತು. ದಲ್ಲಾಳಿ ಕಪ್ಪು ಬಟ್ಟೆಯಲ್ಲಿ ಬಂದ. ಹಿಂದೆ ಅಪೋಕಾ ಎಂಬ ಎಳೆ ಹೆಂಗಸು, ಬೆನ್ನಿಗೆ ಕಟ್ಟಿದ ಕೂಸು ಆಗಷ್ಟೇ ನಿದ್ದೆಹೋಗಿತ್ತು. ಒಳಗೆ ನಾಂಟೋಗ್ಮಾನ ಗೊರಕೆ. ಅಜಾರಾ ತುಟಿಯ ಮೇಲೆ ಬೆರಳಿಟ್ಟು, ಮೌನವನ್ನು ತಟ್ಟೆಯಲ್ಲಿಟ್ಟು ಬಡಿಸುವವಳಂತೆ ಅಂಗಳ ತೋರಿಸಿದಳು. ಅಪೋಕಾ ಗೋಡೆ ನೋಡಲಿಲ್ಲ, ಚಾವಣಿ ನೋಡಲಿಲ್ಲ. ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ, ಕೂಸಿಗೆ ಎಚ್ಚರವಾಗದಂತೆ ಪಿಸುಗುಟ್ಟಿದಳು:

"ಅಮ್ಮಾ, ಜನ ಎಲ್ಲಾ ಎಲ್ಲಿಗೆ ಹೋದ್ರು?"

ಮೂರು ಶನಿವಾರ, ಒಂಬತ್ತು ತಾಸು ಕೂತಿದ್ದ ಅಜಾರಾಳಿಗೆ ಹೊಳೆಯದೇ ಹೋದ ಮಾತು ಅದು.

"ಇಲ್ಲಿಯ ಜನ ಬಹಳ ಶಾಂತ..." ಎಂದು ದಲ್ಲಾಳಿ ಶುರುಮಾಡಿದ.

ಅಜಾರಾ ಕೂಸಿನ ಅರೆತೆರೆದ ಬಾಯಿ ನೋಡಿದಳು. "ಸಾವಿನ ಮನೆಗೆ ಹೋಗಿದಾರೆ, ತಾಯಿ. ಸಂಜೆ ಬರ್ತಾರೆ. ಸೋಮವಾರ ಒಂದ್ಸಲ ಬಂದು ನೋಡು, ಆಮೇಲೆ ಮಾತು."

"ನಿಮಗೆ ಯಾರೂ ಹೀಗೆ ಹೇಳ್ಲಿಲ್ವಾ?"

"ಕೇಳಿದ್ರೆ ಹೇಳ್ತಿದ್ರು."

ಅಪೋಕಾ ಸೋಮವಾರ ಬರುವುದಿಲ್ಲ ಎಂದು ಅವಳ ನಡಿಗೆಯಲ್ಲೇ ತಿಳಿಯಿತು. ದಲ್ಲಾಳಿಯೂ ಗೊಣಗುತ್ತ, ತಡವಾಯಿತೆಂದು ತನ್ನ ಸಾವಿನ ಮನೆಗೆ ಓಡಿದ.

ಬಿಸಿಲು ಇಳಿದು ತಿರುವಿನಲ್ಲಿ ವ್ಯಾನುಗಳು ನಿಂತವು. ಕೇರಿಯವರು ವಾಪಸ್ಸು ಬಂದರು, ಹಾಡು ಹೇಳಿಕೊಂಡು. ಗಂಡ ಗಾಡಿಗೆ ಏಳಲು ಇನ್ನೂ ಒಂದು ತಾಸು ಇತ್ತು. ಅಷ್ಟನ್ನಾದರೂ ಉಳಿಸಿಕೊಡೋಣವೆಂದು ಅಜಾರಾ ಒಳಗೆ ಓಡಿ, ಮಂಚದ ತಲೆಯ ಕಡೆ ಕೂತು, ಎರಡೂ ಅಂಗೈಗಳಿಂದ ಅವನ ಕಿವಿಗಳನ್ನು ಮೆಲ್ಲಗೆ ಮುಚ್ಚಿದಳು.

ನಾಂಟೋಗ್ಮಾ ಕಣ್ಣು ಬಿಟ್ಟ.

"ಕೈ ತೆಗಿ, ಅಜಾರಾ. ನಿನ್ನ ಬಳೆ ಸದ್ದು ಮಾಡ್ತಿದೆ."